ತಕ್ಕಡಿ ಸಾಹೇಬರ ಚಾರ್ಜು

ಗಾತ್ರ ನೋಡಿದರೆ ಕಡಲೆಕಾಳಿನಷ್ಟಿದ್ದ ದೀಪ. ಕಾರಿನ ಕೀ ತಿರುಗಿಸಿದ ಕೂಡಲೇ ಸ್ಟಿಯರಿಂಗಿನ ಹಿಂದೆ, ಬ್ಯಾಟರಿಯ ಚಿತ್ರದ ಪಕ್ಕದಲ್ಲಿ ಕೆಂಪಗೆ ಹತ್ತಿಕೊಳ್ಳುತ್ತಿತ್ತು, ಎಂಜಿನ್ ಶುರುವಾದ ಮೇಲೆ ತಾನಾಗಿಯೇ ಆರುತ್ತಿತ್ತು. ಇಪ್ಪತ್ತೆರಡು ವರ್ಷದಿಂದ ಹಾಗೇ ನಡೆದುಕೊಂಡು ಬಂದಿತ್ತು, ಯಾರಿಗೂ ಅದರಿಂದ ತೊಂದರೆಯಾಗಿರಲಿಲ್ಲ. ಕಳೆದ ಭಾನುವಾರ ಮಾತ್ರ, ರೇಡಿಯೋ ಕೇಳುತ್ತ ಕಾರಿನೊಳಗೆ ಧೂಳು ಒರೆಸುತ್ತಿದ್ದ ತಕ್ಕಡಿ ಸಾಹೇಬರಿಗೆ ಆ ದೀಪ ತಮ್ಮನ್ನೇ ಗುರಾಯಿಸುತ್ತಿದೆ ಅನ್ನಿಸಿತು. ಕಣ್ಣು ಕೆಂಪಗೆ ಮಾಡಿಕೊಂಡು ನೋಡುವ ಹಕ್ಕು ಆ ಮನೆಯಲ್ಲಿ ಒಬ್ಬರಿಗೇ ಇತ್ತು. ಸಾಹೇಬರು ಡ್ಯಾಶ್‌ಬೋರ್ಡಿನ ಹಿಂದೆ ಕೈ ಹಾಕಿ, ಆ ಬಲ್ಬನ್ನು ತಿರುಚಿ ಕಿತ್ತು ಕೋಟಿನ ಜೇಬಿಗೆ ಹಾಕಿಕೊಂಡರು. ಆಮೇಲೆ ಅದನ್ನು ಮರೆತೂಬಿಟ್ಟರು.

ಸಾಹೇಬರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ಅಂಗಡಿ ಅಂಗಡಿಗೆ ನುಗ್ಗಿ ತಕ್ಕಡಿ ಪರೀಕ್ಷೆ ಮಾಡುವುದು, ಸರಿಯಿದ್ದರೆ ಸೀಸದ ಮುದ್ರೆ ಒತ್ತುವುದು, ತಪ್ಪಿದ್ದರೆ ಜಪ್ತಿ ಮಾಡುವುದು. ಇಪ್ಪತ್ತಾರು ವರ್ಷ ಇದೇ ಕೆಲಸ ಮಾಡಿ ಅವರಿಗೆ ಆ ಹೆಸರು ಅಂಟಿಕೊಂಡಿತ್ತು. ಸಿಟ್ಟು ಮಾತ್ರ ಇಲಾಖೆ ಕೊಟ್ಟದ್ದಲ್ಲ, ಸ್ವಂತದ್ದು. ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು.

ಈ ಇಪ್ಪತ್ತಾರು ವರ್ಷದಲ್ಲಿ ಅವರು ಆಸೆಪಟ್ಟದ್ದು ಒಂದನ್ನೇ, ಸೂಪರಿಂಟೆಂಡೆಂಟ್ ಕುರ್ಚಿ. ನಿವೃತ್ತಿಗೆ ಎಂಟು ತಿಂಗಳಿರುವಾಗ ಕೊನೆಗೂ ಆದೇಶ ಬಂತು. ಗುರುವಾರ ಸಂಜೆ ನಾಲ್ಕು ಗಂಟೆಯೊಳಗೆ ಖುದ್ದು ಹಾಜರಾಗಿ ಪ್ರಭಾರ ವಹಿಸಿಕೊಳ್ಳತಕ್ಕದ್ದು, ನಿರಾಕರಿಸಿದಲ್ಲಿ ಮುಂದಿನವರನ್ನು ನೇಮಿಸಲಾಗುವುದು ಎಂದು ಅದರಲ್ಲಿತ್ತು. ಕಾಗದದಲ್ಲಿ ಪ್ರಭಾರ ಎಂದು ಬರೆಯುವುದನ್ನು ಆಫೀಸಿನಲ್ಲಿ ಎಲ್ಲರೂ ಚಾರ್ಜ್ ತಗೊಳ್ಳೋದು ಅನ್ನುತ್ತಿದ್ದರು.

ಮುಂದಿನವನು ಎಂದರೆ ನಗುಮುಖ. ಪಕ್ಕದ ಮೇಜಿನ ಕಿರಿಯ ಇನ್ಸ್‌ಪೆಕ್ಟರು. ಬೈದರೂ ನಗುತ್ತಿದ್ದುದರಿಂದ ಆ ಹೆಸರು. ಬುಧವಾರ ಸಂಜೆ ಎಲ್ಲರೆದುರಿಗೆ ಅವನು, "ಸಾರ್, ನಾಳೆ ನನ್ನ ಬೈಕಲ್ಲಿ ಬನ್ನಿ. ನಿಮ್ಮ ಕಾರು ನಂಬ್ಕೊಂಡ್ರೆ ಚಾರ್ಜ್ ತಗೊಳ್ಳೋಕೆ ಮುಂದಿನ ವರ್ಷ ಆಗುತ್ತೆ" ಅಂದ. ಎಲ್ಲರೂ ನಕ್ಕರು.

ಸಾಹೇಬರಿಗೆ ಪಿತ್ತ ನೆತ್ತಿಗೇರಿತು. "ನನ್ನ ಕಾರಲ್ಲೇ ಬರ್ತೀನಿ. ಬರದಿದ್ರೆ ಆ ಕುರ್ಚಿ ನೀನೇ ಇಟ್ಕೋ" ಎಂದು ಮೇಜು ಗುದ್ದಿ ಹೊರಟರು.

ಗುರುವಾರ ಬೆಳಗ್ಗೆ ಎಂಟೂವರೆಗೆ ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಮೇಲೆ ಎಂದಿನ ಕೋಟು ತೊಟ್ಟು ಕಾರಿನಲ್ಲಿ ಕುಳಿತು ಕೀ ತಿರುಗಿಸಿದರು. ಕಾರು ಕಟ್ ಅಂದಿತು. ಮತ್ತೆ ತಿರುಗಿಸಿದರು. ಮತ್ತೆ ಕಟ್ ಅಂದಿತು. ಮೂರನೆಯ ಸಲ ಅಷ್ಟೂ ಅನ್ನಲಿಲ್ಲ.

ಹೆಂಡತಿ ಬಾಗಿಲಲ್ಲಿ ನಿಂತಿದ್ದರು. "ಬಾಡಿಗೆ ಕಾರು ಕರೆಸ್ಲಾ?"

"ಬಾಡಿಗೆ ಕಾರಲ್ಲಿ ಹೋಗಿ ಆ ಹಲ್ಲುಗಿಂಜೋನ ಮುಂದೆ ಇಳೀಲಾ?"

"ನಾಲ್ಕು ಗಂಟೆ ಒಳಗೆ ಹೋಗೋದು ಮುಖ್ಯ ತಾನೇ? ಹೇಗೆ ಹೋದ್ರೇನು?"

"ನೀನು ಒಳಗೆ ಹೋಗು."

ಅವರು ಹೋಗಲಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದವರಿಗೆ ಯಾವ ಮಾತು ಕೇಳಬೇಕು, ಯಾವುದನ್ನು ಕೇಳಬಾರದು ಎಂದು ಗೊತ್ತಿರುತ್ತದೆ.

ಸಾಹೇಬರು ಬಾನೆಟ್ ಎತ್ತಿದರು. ಬಾನೆಟ್ ಎದ್ದರೆ ಸಾಕು, ಪಕ್ಕದ ಮನೆಯ ಮೇಷ್ಟ್ರು ಕಾಂಪೌಂಡಿನ ಮೇಲಿಂದ ತಲೆ ಹಾಕುತ್ತಿದ್ದರು. ಮೂವತ್ತೈದು ವರ್ಷ ಪಾಠ ಹೇಳಿ ನಿವೃತ್ತರಾದ ಮನುಷ್ಯ. ಪಾಠ ಕೇಳುವವರು ಸಿಗದೆ ಒಣಗಿಹೋಗಿದ್ದರು.

"ಬ್ಯಾಟರಿ ತಾನೇ? ತುದಿಗಳಿಗೆ ಬಿಳೀ ಪುಡಿ ಹಿಡಿದಿರುತ್ತೆ. ಬಿಸಿನೀರು ಹಾಕಿದ್ರೆ ಸರಿಹೋಗುತ್ತೆ. ಇದು ಸಾಮಾನ್ಯ ವಿಜ್ಞಾನ."

ಬೇಡ ಅನ್ನುವಷ್ಟರಲ್ಲಿ ಮೇಷ್ಟ್ರು ಕೆಟಲ್ ಸಮೇತ ಬಂದಾಗಿತ್ತು. ನೀರು ಬ್ಯಾಟರಿಯ ಮೇಲೆ ಅರ್ಧ ಬಿತ್ತು. ಉಳಿದರ್ಧ ಸಿಡಿದು ಬಿಳಿ ಪ್ಯಾಂಟಿನ ಮೇಲೆ ಹಸಿರು ಕಲೆಯಾಯಿತು. ಕಾಲು ಸುಟ್ಟುಕೊಂಡ ಸಾಹೇಬರು ಒಂದೇ ಕಾಲಲ್ಲಿ ಅಂಗಳ ಸುತ್ತಿದರು. ಮೇಷ್ಟ್ರು ಸ್ವಲ್ಪವೂ ವಿಚಲಿತರಾಗದೆ, "ಈಗ ತಿರುಗಿಸಿ ನೋಡಿ" ಅಂದರು. ಕಾರು ತೆಪ್ಪಗಿತ್ತು.

"ಹಾಗಾದ್ರೆ ತಳ್ಬೇಕು" ಎಂದು ಮೇಷ್ಟ್ರು ಬೀದಿಗೆ ಹೋಗಿ ಮೂವರನ್ನು ಹಿಡಿದು ತಂದರು. ಒಬ್ಬ ಹಾಲು ತರಲು ಹೊರಟವನು, ಒಬ್ಬ ಕೆಲಸಕ್ಕೆ ಹೊರಟವನು, ಇನ್ನೊಬ್ಬ ಯಾತಕ್ಕೂ ಹೊರಡದೆ ಸುಮ್ಮನೆ ನಿಂತಿದ್ದವನು. ನಾಲ್ವರೂ ಸೇರಿ ತಳ್ಳಿದರು. ಬೀದಿ ಇಳಿಜಾರಾದ್ದರಿಂದ ಕಾರು ಜೋರಾಗಿ ಓಡಿತು, ಎರಡು ಸಲ ಕೆಮ್ಮಿತು, ಎದ್ದೇಬಿಟ್ಟಿತು ಅನ್ನುವಷ್ಟರಲ್ಲಿ ಬೀದಿಯ ತುದಿಯ ಇಸ್ತ್ರಿ ಅಂಗಡಿಯ ಮುಂದೆ ಉಸಿರು ಬಿಟ್ಟು ನಿಂತಿತು. ಕೆಳಗೆ ಹೋದದ್ದನ್ನು ಮತ್ತೆ ಮೇಲಕ್ಕೆ ತಳ್ಳಬೇಕು ಎಂದು ಗೊತ್ತಾದ ಕೂಡಲೇ ಹಾಲಿನವನಿಗೆ ಹಾಲು, ಕೆಲಸದವನಿಗೆ ಕೆಲಸ ನೆನಪಾಯಿತು.

"ನಿಮ್ಮನ್ನ ಯಾರು ಕರೆದ್ರು?" ಎಂದು ಸಾಹೇಬರು ಮೇಷ್ಟ್ರ ಮೇಲೆ ಉರಿದುಬಿದ್ದರು. "ನಾನು ಕರೆದ್ನಾ? ನನ್ನ ಕಾರು, ನನ್ನ ಬ್ಯಾಟರಿ, ನನ್ನ ಪ್ಯಾಂಟು. ನಿಮಗೇನ್ರಿ ಕೆಲಸ ಇಲ್ಲಿ?"

"ಸಿಟ್ಟು ಆರೋಗ್ಯಕ್ಕೆ ಒಳ್ಳೇದಲ್ಲ" ಅಂದರು ಮೇಷ್ಟ್ರು. ಅದು ಉರಿಯುವುದಕ್ಕೆ ಎಣ್ಣೆ ಹೊಯ್ದ ಹಾಗಾಯಿತು.

ಹತ್ತೂವರೆಗೆ, ಹೆಂಡತಿ ಫೋನ್ ಮಾಡಿ ಕರೆಸಿದ್ದ ವೈರಿಂಗ್ ಮೇಸ್ತ್ರಿ ತನ್ನ ಹಳೇ ವ್ಯಾನಿನಲ್ಲಿ ಬಂದ. ಕಾರಿನ ವಿದ್ಯುತ್ ಕೆಲಸದಲ್ಲಿ ಕೈ ಪಳಗಿದವನು. ಆತುರ ಎಂಬುದು ಹುಟ್ಟಿನಿಂದಲೇ ಇರಲಿಲ್ಲ. ಮೊದಲು ವ್ಯಾನಿಗೆ ಹಗ್ಗ ಕಟ್ಟಿ ಕಾರನ್ನು ಮನೆಯ ಮುಂದಕ್ಕೆ ಎಳೆದು ತಂದ. ಆಮೇಲೆ ಮೀಟರ್ ತೆಗೆದು ಬ್ಯಾಟರಿಯ ಎರಡು ತುದಿಗೆ ಎರಡು ಕಡ್ಡಿ ಮುಟ್ಟಿಸಿದ. ಹನ್ನೊಂದೂವರೆ ವೋಲ್ಟು. ವ್ಯಾನಿನ ಬ್ಯಾಟರಿಯಿಂದ ದಪ್ಪ ಕೇಬಲ್ ಎಳೆದು ಎಂಜಿನ್ ಎಬ್ಬಿಸಿದ, ಕೇಬಲ್ ತೆಗೆದು ಮತ್ತೆ ಮೀಟರ್ ಮುಟ್ಟಿಸಿದ. ಹನ್ನೆರಡು. ಅವನು ನೋಡುತ್ತಿದ್ದ ಹಾಗೇ ಇನ್ನೂ ಇಳಿಯಿತು, ಎಂಜಿನ್ ನಡುಗಿ ನಿಂತುಹೋಯಿತು.

"ಎಂಜಿನ್ ಓಡ್ವಾಗ ಹದಿನಾಲ್ಕು ದಾಟ್ಬೇಕು ಸಾರ್. ಎಂಜಿನ್ ತಿರುಗಿದ್ರೆ ಆಲ್ಟರ್ನೇಟರ್ ತಿರುಗುತ್ತೆ, ಅದು ಬ್ಯಾಟರಿಗೆ ಕರೆಂಟ್ ತುಂಬುತ್ತೆ. ಇಲ್ಲಿ ತುಂಬ್ತಾ ಇಲ್ಲ. ಬೆಲ್ಟ್ ಬಿಗಿಯಾಗೇ ಇದೆ. ಕೀ ತಿರುಗಿಸ್ದಾಗ ಕೆಂಪು ದೀಪ ಬರುತ್ತಾ?"

"ಬರಲ್ಲ" ಅಂದರು ಸಾಹೇಬರು. ಸುಳ್ಳೇನೂ ಹೇಳಲಿಲ್ಲ.

"ಬರಲ್ವಾ?" ಮೇಸ್ತ್ರಿ ತಲೆ ಕೆರೆದುಕೊಂಡು ಕಾರಿನ ಬಾಗಿಲ ಕಡೆ ಹೊರಟ. "ಬರ್ಬೇಕಲ್ಲ. ಒಂದ್ನಿಮಿಷ ಇರಿ, ಒಳಗೆ ನೋಡ್ತೀನಿ."

ಅಷ್ಟರಲ್ಲಿ ಸಾಹೇಬರ ಕಣ್ಣು ಮೀಟರಿನ ಮೇಲೆ ಬಿತ್ತು. ಅದನ್ನು ತಿರುಗಿಸಿ ಹಿಂದೆ ನೋಡಿದರು, ಅಡಿಯಲ್ಲಿ ನೋಡಿದರು. "ಇದರ ಮುದ್ರೆ ಎಲ್ಲಿ?"

"ಯಾವ ಮುದ್ರೆ ಸಾರ್?"

"ತಪಾಸಣೆ ಮುದ್ರೆ. ಮುದ್ರೆ ಇಲ್ಲದ ಅಳತೆ ಅಳತೆಯೇ ಅಲ್ಲ. ನೀನು ಹನ್ನೆರಡು ಅಂತೀಯ, ಹದಿನಾಲ್ಕೇ ಇರಬಹುದು. ನಾನು ಹೇಗೆ ನಂಬ್ಲಿ?"

"ಹದಿನೈದು ವರ್ಷದಿಂದ ಇದರಲ್ಲೇ ನೋಡ್ತಾ ಇದೀನಿ ಸಾರ್."

"ಹದಿನೈದು ವರ್ಷದಿಂದ ಊರಿಗೇ ಮೋಸ ಮಾಡ್ತಾ ಇದೀಯ ಅನ್ನು. ಅಂಗಡೀಲಿ ಸಿಕ್ಕಿದ್ರೆ ಇಷ್ಟೊತ್ತಿಗೆ ಜಪ್ತಿ ಮಾಡಿರ್ತಿದ್ದೆ."

ಮೇಸ್ತ್ರಿ ಮೀಟರನ್ನು ಬಾನೆಟ್ಟಿನ ಅಂಚಿಗಿಟ್ಟು ಕೈಕಟ್ಟಿ ನಿಂತ. ಬಾಗಿಲ ಕಡೆ ಹೋಗುತ್ತಿದ್ದವನು ಏನು ನೋಡಲು ಹೋಗುತ್ತಿದ್ದೆ ಎಂಬುದನ್ನೇ ಮರೆತ. "ಹಾಗಾದ್ರೆ ನಿಮ್ಮ ಮುದ್ರೆ ಇರೋ ಮೀಟರ್ ತನ್ನಿ. ನಾನಿಲ್ಲೇ ಇರ್ತೀನಿ."

ಸಾಹೇಬರು ಮೊಬೈಲನ್ನು ಕಾರಿನ ಮೇಲಿಟ್ಟು ಒಳಗೆ ನುಗ್ಗಿದರು. ಇಲಾಖೆಯಿಂದ ಹಿಂದೊಮ್ಮೆ ಕೊಟ್ಟಿದ್ದ ವೋಲ್ಟ್ ಮೀಟರ್ ಅಟ್ಟದ ಮೇಲೆ ಮರದ ಪೆಟ್ಟಿಗೆಯಲ್ಲಿತ್ತು. ಹೆಂಡತಿ ಏಣಿ ಹಿಡಿದರು. ಮೇಲೆ ಹತ್ತಿದ ಸಾಹೇಬರು ಹಳೇ ತೂಕದ ಕಲ್ಲು, ಹರಿದ ಚಾಪೆ, ಮುರಿದ ತೊಟ್ಟಿಲು ಎಲ್ಲವನ್ನೂ ಬೈಯುತ್ತ ಹುಡುಕಿದರು. ತೊಲೆಗೆ ತಲೆ ತಗುಲಿದಾಗ ತೊಲೆಯನ್ನೂ ಬೈದರು. ಪೆಟ್ಟಿಗೆ ಸಿಕ್ಕಿ ಕೆಳಗಿಳಿಯುವಷ್ಟರಲ್ಲಿ ನಲವತ್ತು ನಿಮಿಷ ಕಳೆದಿತ್ತು. ಕೋಟಿನ ಮೇಲೆ ಜೇಡನ ಬಲೆ ಜರಿಯ ಹಾಗೆ ಹೊಳೆಯುತ್ತಿತ್ತು.

"ನೋಡು" ಎಂದು ಮೇಸ್ತ್ರಿಯ ಮುಖದ ಮುಂದೆ ಹಿಡಿದರು. "ಇದು ಮುದ್ರೆ."

ಸೀಸದ ಮುದ್ರೆ ಭದ್ರವಾಗಿತ್ತು. ಮೇಸ್ತ್ರಿ ಗೌರವದಿಂದಲೇ ವೈರುಗಳನ್ನು ಬ್ಯಾಟರಿಗೆ ಮುಟ್ಟಿಸಿದ. ಮುಳ್ಳು ಸೊನ್ನೆಯಲ್ಲೇ ಇತ್ತು. ವ್ಯಾನಿನ ಬ್ಯಾಟರಿಗೆ ಮುಟ್ಟಿಸಿದ. ಆಗಲೂ ಸೊನ್ನೆ. ಮೇಷ್ಟ್ರು ಕಾಂಪೌಂಡಿನಾಚೆಯಿಂದ, "ತುಂಬಾ ಸ್ಥಿರವಾಗಿದೆ" ಅಂದರು.

ಸಾಹೇಬರು ಹಲ್ಲು ಕಡಿದರು. ಪೆಟ್ಟಿಗೆಯನ್ನು ಮೇಷ್ಟ್ರ ತಲೆಗೆ ಎಸೆಯಬೇಕು ಎಂದು ತೋರಿತು, ಇಲಾಖೆಯ ಸ್ವತ್ತಾದ್ದರಿಂದ ಎಸೆಯಲಿಲ್ಲ.

"ಸಾರ್, ಹೇಳೋದು ಮರೆತೆ" ಅಂದ ಮೇಸ್ತ್ರಿ. "ನೀವು ಮೇಲಿದ್ದಾಗ ಫೋನ್ ಬಂತು. ನಿಮ್ಮ ಆಫೀಸಿನ ಮೇಡಂ ಅಂತೆ. ಬಡ್ಕೋತಾನೇ ಇತ್ತು, ಅದಕ್ಕೆ ತಗೊಂಡೆ. ತುಂಬಾ ಒಳ್ಳೇವರು ಸಾರ್, ಪರಿಸ್ಥಿತಿ ಹೇಗಿದೆ ಅಂತ ಬಿಡಿಸಿ ಬಿಡಿಸಿ ಕೇಳಿದ್ರು."

ಡೈರೆಕ್ಟರ್ ಮೇಡಂ. ಸಾಹೇಬರು ಪೆಟ್ಟಿಗೆ ಕೆಳಗಿಟ್ಟರು. "ನೀನೇನಂದೆ?"

"ಇದ್ದದ್ದು ಇದ್ದ ಹಾಗೆ ಹೇಳ್ದೆ. ಪಾಪ, ಬೇಜಾರು ಮಾಡ್ಕೊಂಡ್ರು. ಕೊನೆಗೆ, ಸರಿ, ಅವರು ಚಿಂತೆ ಮಾಡೋದು ಬೇಡ, ನಾನೇ ಬೇರೆ ವ್ಯವಸ್ಥೆ ಮಾಡ್ತೀನಿ ಅಂದ್ರು."

ಬೆಳಗ್ಗಿನಿಂದ ಗಂಟಿಕ್ಕಿದ್ದ ಸಾಹೇಬರ ಹುಬ್ಬು ಮೊದಲ ಬಾರಿ ಸಡಿಲವಾಯಿತು. ಬೇರೆ ವ್ಯವಸ್ಥೆ ಎಂದರೆ ಇನ್ನೇನು, ಆಫೀಸಿನ ಜೀಪು. ಜೀಪೇ ತಮ್ಮನ್ನು ಕರೆದುಕೊಂಡು ಹೋಗಲು ಬರುತ್ತದೆ. ಇಷ್ಟು ವರ್ಷದಲ್ಲಿ ಯಾವ ಇನ್ಸ್‌ಪೆಕ್ಟರಿಗೂ ಸಿಗದ ಮರ್ಯಾದೆ. ಬಾಡಿಗೆ ಕಾರಲ್ಲ, ನಗುಮುಖನ ಬೈಕೂ ಅಲ್ಲ. ಪ್ರತಿಜ್ಞೆ ಸ್ವಲ್ಪ ಬಗ್ಗಿದರೂ ಮುರಿದ ಹಾಗಾಗಲಿಲ್ಲ. ಮೇಡಮ್ಮಿಗೆ ತಿರುಗಿ ಫೋನ್ ಮಾಡಿ ಧನ್ಯವಾದ ಹೇಳೋಣವೆಂದರೆ ಮೊಬೈಲ್ ಕಪ್ಪಗಾಗಿತ್ತು.

"ನಿನ್ನೆ ರಾತ್ರಿ ಚಾರ್ಜಿಗೆ ಹಾಕಿದ್ರಾ?" ಎಂದು ಹೆಂಡತಿ ಕೇಳಿದರು.

"ಈ ಮನೇಲಿ ಎಲ್ಲಾ ನಾನೇ ಮಾಡ್ಬೇಕಾ?" ಎಂದು ಸಾಹೇಬರು ಕೂಗಿದರು. ಹುಬ್ಬು ಮತ್ತೆ ಗಂಟಾಯಿತು.

ಮೇಸ್ತ್ರಿ ಮುಂದಿನ ಬೀದಿಯಲ್ಲೊಂದು ಕೆಲಸವಿದೆ, ಮುಗಿಸಿ ಬರುತ್ತೇನೆ ಎಂದು ಹೊರಟ. ಸಾಹೇಬರು ಪ್ಯಾಂಟು ಬದಲಿಸಿ ಬಂದು ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಜೀಪಿಗಾಗಿ ಕೂತರು. ಹನ್ನೆರಡೂವರೆ ಆಯಿತು, ಒಂದಾಯಿತು. ಕಸದ ಲಾರಿ ಬಂದಾಗ ಎದ್ದು ನಿಂತರು, ಗ್ಯಾಸಿನ ಗಾಡಿ ಬಂದಾಗಲೂ ಎದ್ದು ನಿಂತರು. ಊಟಕ್ಕೆ ಕರೆದರೆ ಬೇಡ ಅಂದರು. ಹೋದ ಕಡೆಯೆಲ್ಲ ಬೇರೆಯವರನ್ನು ಕಾಯಿಸಿ ಗೊತ್ತೇ ಹೊರತು ಯಾರಿಗೂ ಕಾದು ಅಭ್ಯಾಸವಿಲ್ಲದ ಜೀವ. ಎರಡು ಹೊಡೆಯುವ ಹೊತ್ತಿಗೆ ಡ್ರೈವರನ್ನೂ ಜೀಪನ್ನೂ ಇಡೀ ಇಲಾಖೆಯನ್ನೂ ಒಟ್ಟಿಗೆ ಶಪಿಸುತ್ತಿದ್ದರು.

"ಆ ಮೇಡಂ ನಿಜವಾಗ್ಲೂ ಜೀಪ್ ಅಂದ್ರಂತಾ?" ಎಂದು ಹೆಂಡತಿ ಕೇಳಿದರು.

"ಬೇರೆ ವ್ಯವಸ್ಥೆ ಅಂದ್ರೆ ಮತ್ತೇನು, ಪಲ್ಲಕ್ಕಿನಾ?"

ಎರಡೂವರೆಗೆ ಮೇಸ್ತ್ರಿ ಮರಳಿದ. ಕೂತಿದ್ದ ಸಾಹೇಬರನ್ನು ನೋಡಿ ಅವನಿಗೇ ಅಯ್ಯೋ ಅನ್ನಿಸಿತು. "ಸಾರ್, ನನ್ನ ವ್ಯಾನಲ್ಲಿ ಪೂರ್ತಿ ತುಂಬಿದ ಬ್ಯಾಟರಿ ಒಂದಿದೆ. ಅದನ್ನ ನಿಮ್ಮ ಕಾರಿಗೆ ಹಾಕ್ತೀನಿ. ದೀಪ, ರೇಡಿಯೋ ಏನೂ ಹಾಕ್ದೆ ಹೋದ್ರೆ ಆಫೀಸ್ ತನಕ ಓಡುತ್ತೆ. ನಾನೂ ಬರ್ತೀನಿ, ಅಲ್ಲೇ ಕೂತು ಕಾಯಿಲೆ ಏನು ಅಂತ ಕಂಡುಹಿಡೀತೀನಿ."

"ಇದನ್ನ ಬೆಳಗ್ಗೇನೇ ಹೇಳೋಕೆ ಏನಾಗಿತ್ತು?"

"ಬೆಳಗ್ಗೆ ನೀವು ನನ್ನನ್ನ ಜಪ್ತಿ ಮಾಡ್ತಾ ಇದ್ರಿ."

ಹಳೇ ಬ್ಯಾಟರಿ, ಕೇಬಲ್ ಹಿಂದಿನ ಸೀಟಿಗೇರಿದವು, ಮೂರು ಗಂಟೆಗೆ ಕಾರು ಹೊರಟಿತು. ಊರಿನ ಆ ತುದಿಯ ಆಫೀಸಿಗೆ ಈ ತುದಿಯಿಂದ, ಹಾರ್ನ್ ಕೂಡ ಒತ್ತಬೇಡಿ ಎಂದು ಮೇಸ್ತ್ರಿ ತಾಕೀತು ಮಾಡಿದ್ದರಿಂದ, ಸಾಹೇಬರು ಕಿಟಕಿಯಿಂದ ತಲೆ ಹೊರಹಾಕಿ ಬಾಯಿಂದಲೇ ಹಾರ್ನ್ ಹೊಡೆಯುತ್ತ ಹೋದರು. ಅದು ಕಾರಿನ ಹಾರ್ನಿಗಿಂತ ಜೋರಾಗಿತ್ತು. ಮೂರು ಮುಕ್ಕಾಲಿಗೆ ಆಫೀಸಿನ ಅಂಗಳಕ್ಕೆ ಕಾರು ನುಗ್ಗಿತು. ಸ್ವಂತ ಕಾರು, ಹೊತ್ತಿಗೆ ಮುಂಚೆ. ಸಾಹೇಬರು ಎರಡೆರಡು ಮೆಟ್ಟಿಲು ಹತ್ತಿ ಸೂಪರಿಂಟೆಂಡೆಂಟರ ಕೋಣೆಯ ಬಾಗಿಲು ತಳ್ಳಿದರು.

ಕುರ್ಚಿಯಲ್ಲಿ ನಗುಮುಖ ಕೂತಿದ್ದ.

"ಏಳೋ ಮೇಲೆ" ಅಂದರು ಸಾಹೇಬರು.

ನಗುಮುಖ ಎದ್ದ. ಅವನ ಮುಖದಲ್ಲಿ ನಗು ಇರಲಿಲ್ಲ, ಗಾಬರಿ ಇತ್ತು. "ಸಾರ್, ನೀವ್ಯಾಕೆ ಎದ್ದು ಬಂದ್ರಿ? ಕೂತ್ಕೊಳ್ಳಿ ಸಾರ್. ಯಾರಾದ್ರೂ ನೀರು ತನ್ರಪ್ಪ."

ಗಲಾಟೆ ಕೇಳಿ ಡೈರೆಕ್ಟರ್ ಮೇಡಂ ಬಂದರು. ಸಾಹೇಬರ ಕೆದರಿದ ಕೂದಲು, ಹಣೆಯ ಬುಗುಟು, ಕೋಟಿನ ಮೇಲಿನ ಜೇಡನ ಬಲೆ ನೋಡಿ ಅವರೇ ಕುರ್ಚಿ ಎಳೆದುಕೊಟ್ಟರು. "ಈ ಸ್ಥಿತೀಲಿ ಬರಬಾರದಿತ್ತು ನೀವು. ಸಂಜೆ ನಾವೇ ಎಲ್ಲಾ ಸೇರಿ ನೋಡೋಕೆ ಬರೋಣ ಅಂತಿದ್ವಿ." ಮೇಜಿನ ಮೇಲೆ ಒಂದು ಬುಟ್ಟಿ ಸೇಬು, ಅದರ ಮೇಲೆ ಬೇಗ ಗುಣಮುಖರಾಗಿ ಎಂದು ಬರೆದ ಚೀಟಿ ಇತ್ತು.

"ನನಗೇನಾಗಿದೆ?" ಎಂದು ಸಾಹೇಬರು ಗುಡುಗಿದರು. "ಚಾರ್ಜ್ ತಗೊಳ್ಳೋಕೆ ಬಂದಿದೀನಿ. ಇನ್ನೂ ನಾಲ್ಕಾಗಿಲ್ಲ."

ಮೇಡಂ ಫೈಲು ತೆರೆದು ಮುಂದಿಟ್ಟರು. ಅವರದೇ ದುಂಡು ಅಕ್ಷರದ ಟಿಪ್ಪಣಿ.

"ಬೆಳಗ್ಗೆ 11.20ಕ್ಕೆ ಸದರಿಯವರ ಮೊಬೈಲಿಗೆ ಕರೆ ಮಾಡಿ, ಇನ್ನೂ ಚಾರ್ಜ್ ತೆಗೆದುಕೊಂಡಿಲ್ಲವೇಕೆ ಎಂದು ವಿಚಾರಿಸಲಾಯಿತು. ಬೆಳಗ್ಗಿನಿಂದ ಪರೀಕ್ಷೆ ಮಾಡುತ್ತಿರುವುದು ತಾವೇ ಎಂದು ತಿಳಿಸಿದ ಸಂಬಂಧಪಟ್ಟ ತಜ್ಞರು ನೀಡಿದ ಉತ್ತರ ಹೀಗಿದೆ: ಚಾರ್ಜ್ ತಗೊಳ್ತಾ ಇಲ್ಲ ಮೇಡಂ. ತಗೊಳ್ಳೋ ಲಕ್ಷಣವೂ ಇಲ್ಲ. ಬೆಳಗ್ಗಿಂದ ಎಬ್ಬಿಸ್ತಾ ಇದೀವಿ, ಏಳ್ತಾ ಇಲ್ಲ. ಬಿಸಿನೀರು ಹಾಕಿ ನೋಡಾಯ್ತು. ನಾಲ್ಕು ಜನ ಹಿಂದಿನಿಂದ ತಳ್ಳಿದ್ರೂ ಇಸ್ತ್ರಿ ಅಂಗಡಿ ತನಕ ಅಷ್ಟೇ. ವಯಸ್ಸಾಯ್ತಲ್ಲ, ಒಳಗೆ ಶಕ್ತಿ ಉಳಿದಿಲ್ಲ. ನನ್ನ ಮಾತು ಕೇಳೋದಾದ್ರೆ ಇದನ್ನ ನಂಬ್ಕೋಬೇಡಿ, ಬೇರೆ ಹಾಕ್ಕೊಂಡುಬಿಡಿ."

ಅದರ ಕೆಳಗೆ, "ಮೇಲ್ಕಂಡ ಆರೋಗ್ಯದ ಕಾರಣದಿಂದ ನಿರಾಕರಣೆ ಎಂದು ಪರಿಗಣಿಸಿ, ಮುಂದಿನವರಿಗೆ ಮಧ್ಯಾಹ್ನ 12.15ಕ್ಕೆ ಪ್ರಭಾರ ವಹಿಸಲಾಗಿದೆ" ಎಂದು ಸಹಿ, ಮೊಹರು. ಮುದ್ರೆ ಭದ್ರವಾಗಿತ್ತು.

"ಅದು ಕಾರು" ಅಂದರು ಸಾಹೇಬರು. ಧ್ವನಿ ಅರ್ಧ ಇಳಿದಿತ್ತು. "ಅವನು ಹೇಳಿದ್ದು ನನ್ನ ಕಾರಿನ ಬ್ಯಾಟರಿ ವಿಷಯ."

ಮೇಡಂ ಮತ್ತೊಮ್ಮೆ ಟಿಪ್ಪಣಿ ಓದಿಕೊಂಡರು. ಅವರ ಮುಖ ಕೆಂಪಾಯಿತು. "ಒಂದು ಸಲಾನೂ ಕಾರು ಅನ್ಲಿಲ್ಲ ಆತ. ನಾನು ಡಾಕ್ಟರ್ ಅಂದ್ಕೊಂಡೆ." ಫೈಲು ಮುಚ್ಚಿ ಮೆಲ್ಲಗೆ ಹೇಳಿದರು. "ಕಾಗದ ಮುಖ್ಯ ಕಚೇರಿಗೆ ಹೋಗಾಯ್ತು. ಒಂದ್ಸಲ ನಿರಾಕರಣೆ ಅಂತ ದಾಖಲಾದ್ರೆ ಒಂದು ವರ್ಷ ಮತ್ತೆ ಪರಿಗಣಿಸೋ ಹಾಗಿಲ್ಲ."

ವರ್ಷ ಎಂದರೆ ಹನ್ನೆರಡು ತಿಂಗಳು. ಸಾಹೇಬರಿಗೆ ಉಳಿದಿದ್ದದ್ದು ಎಂಟು.

ಅವರು ಎದ್ದು ಮೆಟ್ಟಿಲಿಳಿದರು. ದುಃಖವಾಗಿತ್ತು, ಆದರೆ ದುಃಖಪಡುವುದು ಅವರಿಗೆ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಸಿಟ್ಟೊಂದೇ. ಆ ಮೇಸ್ತ್ರಿಯ ಕುತ್ತಿಗೆ ಹಿಡಿದು ಅಂಗಳದ ತುಂಬ ಎಳೆದಾಡಬೇಕು ಎಂದುಕೊಂಡು ಕಾರಿನ ಬಳಿ ಬಂದರೆ ಅವನ ಕುತ್ತಿಗೆ ಕಾಣುತ್ತಿರಲಿಲ್ಲ. ಡ್ಯಾಶ್‌ಬೋರ್ಡಿನ ಅಡಿಯಲ್ಲಿ ತಲೆ ತೂರಿಸಿಕೊಂಡು ಅಂಗಾತ ಮಲಗಿದ್ದ.

"ಸಿಕ್ತು ಸಾರ್" ಎಂದು ಅಲ್ಲಿಂದಲೇ ಹೇಳಿದ. "ಬ್ಯಾಟರಿ ಚೆನ್ನಾಗಿದೆ, ಆಲ್ಟರ್ನೇಟರೂ ಚೆನ್ನಾಗಿದೆ. ಈ ಹಳೇ ಕಾರುಗಳಲ್ಲಿ ಆ ಕೆಂಪು ದೀಪದ ಮೂಲಕಾನೇ ಆಲ್ಟರ್ನೇಟರಿಗೆ ಮೊದಲ ಕರೆಂಟ್ ಹೋಗೋದು. ಅದು ಸಿಕ್ಕಿದ್ರೆ ತಾನೇ ಅದು ಕೆಲಸ ಶುರು ಮಾಡೋದು? ಇಲ್ಲಿ ಬಲ್ಬೇ ಇಲ್ಲ. ಯಾವನೋ ತಲೆಕೆಟ್ಟೋನು ಕಿತ್ತುಹಾಕಿದಾನೆ. ಬೆಳಗ್ಗೇನೇ ನೋಡೋಕೆ ಹೊರಟಿದ್ದೆ, ಮೀಟರ್ ಜಗಳದಲ್ಲಿ ಮರ್ತೇಹೋಯ್ತು."

ಮೇಸ್ತ್ರಿಯ ಕುತ್ತಿಗೆಗೆಂದು ಚಾಚಿದ್ದ ಸಾಹೇಬರ ಕೈ ಅರ್ಧ ದಾರಿಯಲ್ಲಿ ನಿಂತಿತು. ಅಲ್ಲಿಂದ ನಿಧಾನವಾಗಿ ಕೋಟಿನ ಜೇಬಿಗೆ ಹೋಯಿತು. ಕಡಲೆಕಾಳಿನಷ್ಟು ಗಾತ್ರದ್ದು ಬೆರಳಿಗೆ ಸಿಕ್ಕಿತು.

ಮೇಸ್ತ್ರಿ ಅದನ್ನು ತೆಗೆದುಕೊಂಡ. ಬಲ್ಬನ್ನು ನೋಡಿದ, ಜೇಬನ್ನು ನೋಡಿದ, ಸಾಹೇಬರ ಮುಖ ನೋಡಿದ. ಹದಿನೈದು ವರ್ಷ ಗಿರಾಕಿಗಳನ್ನು ಕಂಡವನಾದ್ದರಿಂದ ಸೀದಾ ಕೆಲಸಕ್ಕಿಳಿದ. ಬಲ್ಬು ತಿರುಚಿ ಕೂರಿಸಿ, ಹಳೇ ಬ್ಯಾಟರಿ ಮತ್ತೆ ಜೋಡಿಸಿ, ತನ್ನ ಬ್ಯಾಟರಿಯಿಂದ ಕೇಬಲ್ ಕೊಟ್ಟು ಕೀ ತಿರುಗಿಸಿದ. ದೀಪ ಕೆಂಪಗೆ ಕಣ್ಣುಬಿಟ್ಟು ಸಾಹೇಬರನ್ನು ಗುರಾಯಿಸಿತು. ಎಂಜಿನ್ ಎದ್ದಿತು, ದೀಪ ಆರಿತು. ಕೇಬಲ್ ತೆಗೆದು ಮುದ್ರೆಯಿಲ್ಲದ ತನ್ನ ಮೀಟರನ್ನು ಮುಟ್ಟಿಸಿದ. ಹದಿನಾಲ್ಕು ದಾಟಿತ್ತು.

ಇಡೀ ದಿನದ ಕೆಲಸ ಕೈಗೂಡಿದ ಖುಷಿಯಲ್ಲಿ, ಎಂಜಿನ್ ಸದ್ದಿನ ಮೇಲೆ ಕೇಳಿಸಲೆಂದು, ಅವನು ಅಂಗಳ ಅದುರುವ ಹಾಗೆ ಕೂಗಿದ. "ಚಾರ್ಜ್ ತಗೊಂಡಾಯ್ತು ಸಾರ್!"

ಮೇಲಿನ ಕಿಟಕಿ ತೆರೆಯಿತು. ನಗುಮುಖ ತಲೆ ಹೊರಹಾಕಿ ಎರಡು ಕೈ ಜೋಡಿಸಿದ. ಅವನ ನಗು ಮರಳಿ ಬಂದಿತ್ತು.

"ಹೌದು ಸಾರ್, ಹನ್ನೆರಡೂ ಕಾಲಿಗೇ ತಗೊಂಡೆ. ಹೋಗ್ವಾಗ ಸೇಬು ತಗೊಂಡ್ಹೋಗಿ."